ಹಂಸದರ್ಶನದಲ್ಲಿ ವಿವೇಕ

ಚಿತ್ತವು ವಿಷಯಗಳಲ್ಲಿ ಸೇರಿಕೊಂಡಿದೆ, ವಿಷಯಗಳು ಚಿತ್ತದಲ್ಲಿ ಸೇರಿಕೊಂಡಿವೆ. ಇವೆರಡನ್ನು ಬಿಡಿಸುವುದು ಹೇಗೆ? ಸನಕಾದಿಗಳ ಈ ಪ್ರಶ್ನೆಗೆ ಶ್ರೀಹರಿಯು ಹಂಸರೂಪದಿಂದ ಬಂದು ಉತ್ತರವಿತ್ತ ಪ್ರಸಂಗವು ಶ್ರೀಮದ್ಭಾಗವತದ ಏಕಾದಶಸ್ಕಂಧದಲ್ಲಿದೆ. ನಮ್ಮ ಗುರುಪರಂಪರೆಯೂ ಹಂಸನಾಮಕ ಪರಮಾತ್ಮನಿಂದಲೇ ಆರಂಭವಾಗುತ್ತದೆ. ಹೀಗಿರಲು, ಹಂಸಜಾತಿಯ ಪಕ್ಷಿಗಳು ನಮ್ಮ ನಾಡಿನ ಕೆರೆಗೇ ಬಂದಿಳಿಯುವಾಗ ಅವುಗಳನ್ನು ನೋಡಬೇಕಾದ ಕ್ರಮವಾವುದೆಂದು ವಿಚಾರಿಸುವುದು ಉಚಿತವಾಗಿದೆ.

ಮುದನಾಳ, ಶಹಾಪುರಗಳ ಸಜ್ಜನರಿಗೆ ಸುರಪುರ ತಾಲ್ಲೂಕಿನ ಬೋನಾಳ ಕೆರೆಯು ಅಪರಿಚಿತವಲ್ಲ. ಪಕ್ಷಿಧಾಮವಾದ ಆ ಕೆರೆಗೆ ಚಳಿಗಾಲದಲ್ಲಿ ನಾನಾ ಜಾತಿಯ ಬಾತುಗಳೊಡನೆ ಪಟ್ಟೆತಲೆಯ ಹೆಬ್ಬಾತುಗಳೂ ಬರುತ್ತವೆ. ಬಿಳಿಯ ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗಳೇ ಅವುಗಳ ಗುರುತು. ಟಿಬೆಟ್, ಮಂಗೋಲಿಯಾಗಳ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುವ ಈ ಪಕ್ಷಿಗಳು 7,000 ಮೀಟರಿಗೂ ಮಿಕ್ಕ ಎತ್ತರದಲ್ಲಿ ಹಾರಿದ್ದು ಉಪಗ್ರಹಗಳ ನೆರವಿನಿಂದ ತಿಳಿದುಬಂದಿದೆ. ಚಿತ್ರಪಟಗಳಲ್ಲಿ ಕಾಣುವ ನೀಳಕೊರಳಿನ ಶ್ವೇತಪಕ್ಷಿಯು ನಮ್ಮ ಕೆರೆಗಳದ್ದಲ್ಲ. ಪ್ರಾಚೀನ ಗ್ರಂಥಗಳ ಹಂಸವು ಹೆಬ್ಬಾತೇ ಎಂದು ಡಚ್ ವಿದ್ವಾಂಸರಾದ ಫೋಗೆಲ್ ಅವರು 1962ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಪ್ರತಿಪಾದಿಸಿದ್ದಾರೆ.

ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ ಎಂಬುದು ಕವಿಸಮಯ. ಆದರೂ ಈ ಕುಲದ ಪಕ್ಷಿಗಳ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಸಾಲಿರುವುದು ಪ್ರತ್ಯಕ್ಷ. ಬಾತುಗಳು ಅದರಿಂದ ನೀರನ್ನು ಹೊರಚೆಲ್ಲಿ ಆಹಾರವನ್ನಷ್ಟೇ ಉಳಿಸಿಕೊಳ್ಳುತ್ತವೆ. ನೋಡಲು ಹೋದ ನಮಗೂ ಇಂಥದೊಂದು ಸೋಸುವಿಕೆ ಬೇಡವೇ?

ಇಲ್ಲಿ ಒಂದು ಶಂಕೆ ಏಳಬಹುದು. ಭರತರಾಜನು ಜಿಂಕೆಯ ಮರಿಯನ್ನು ಪ್ರೀತಿಸಿ ತಾನೇ ಜಿಂಕೆಯಾಗಿ ಹುಟ್ಟಲಿಲ್ಲವೇ? ಪ್ರಾಣಿಪಕ್ಷಿಗಳಲ್ಲಿ ಮನವಿಡುವುದು ಬಂಧಕವಲ್ಲವೇ? ಪ್ರವಾಹದಲ್ಲಿದ್ದ ಮರಿಯನ್ನು ಎತ್ತಿದ್ದು ದಯೆ, ಅದು ದೋಷವಲ್ಲ. ‘ಇದು ನನ್ನದು’ ಎಂದು ತಿಳಿದು ಭಗವಂತನನ್ನು ಮರೆತದ್ದು ಮಮತೆ, ಬಂಧವು ಅಲ್ಲಿಂದ. ದಯೆಯು ಕ್ಷೀರ, ಮಮತೆಯು ನೀರು. ಇವೆರಡೂ ಒಂದೇ ಪಾತ್ರೆಯಲ್ಲಿರುವುದರಿಂದಲೇ ವಿವೇಕ ಬೇಕಾಗಿದೆ.

ಮಕ್ಕಳೊಡನೆ ಕೆರೆಗೆ ಹೋದ ನಾವು ಚುರುಮುರಿಯನ್ನೋ ಬ್ರೆಡ್ಡಿನ ಚೂರನ್ನೋ ನೀರಿಗೆಸೆದು ಅನ್ನದಾನವಾಯಿತೆಂದು ತಿಳಿಯುತ್ತೇವೆ. ಅದು ಆ ಪಕ್ಷಿಗಳ ಸಹಜ ಆಹಾರವಲ್ಲ. ಉಳಿದದ್ದು ಕೊಳೆತು ನೀರನ್ನು ಕೆಡಿಸುತ್ತದೆ. ಪರಾಂಬರಿಸಿದರೆ, ಅದರಲ್ಲಿ ಪಕ್ಷಿಯ ಹಸಿವಿಗಿಂತ ಅದನ್ನು ನಮ್ಮ ಹತ್ತಿರಕ್ಕೆ ಕರೆಯುವ ಆಸೆಯೇ ಹೆಚ್ಚು.

ಹೆಬ್ಬಾತು ಹುಲ್ಲನ್ನೂ ಎಳೆಯ ಪೈರನ್ನೂ ಮೇಯುವ ಪಕ್ಷಿ. ಹಗಲು ಕೆರೆಯಲ್ಲಿ ವಿಶ್ರಮಿಸಿ ಇರುಳಲ್ಲಿ ಹೊಲಕ್ಕಿಳಿಯುವುದು ಅದರ ವಾಡಿಕೆ. ಹಾಗಾದರೆ ದೂರದಿಂದ ಬಂದ ಈ ಅತಿಥಿಗೆ ನಿಜವಾಗಿ ಉಣಿಸುವವರಾರು? ನಷ್ಟವನ್ನು ಸಹಿಸಿ, ಕಲ್ಲೆಸೆಯದೆ, ಉರುಳೊಡ್ಡದೆ ಬಿಡುವ ರೈತನೇ. ಆತನ ದಾನಕ್ಕೆ ಪ್ರೇಕ್ಷಕರಿಲ್ಲ. ಏನನ್ನೂ ಕಳೆದುಕೊಳ್ಳದೆ ನೋಡಿ ಆನಂದಿಸುವ ನಾವು ‘ರೈತನು ಸಹಿಸಲಿ’ ಎಂದು ಉಪದೇಶಿಸುವುದು ಧರ್ಮವಲ್ಲ. ಆತನ ನಷ್ಟದಲ್ಲಿ ನಮಗೂ ಪಾಲುಂಟೆಂದು ತಿಳಿದು ಕೈಲಾದಷ್ಟು ನೆರವಾಗುವುದೇ ಧರ್ಮ.

ಸ್ವತಂತ್ರನು ಶ್ರೀಹರಿಯೊಬ್ಬನೇ. ಜೀವರು ಪರಸ್ಪರ ಭಿನ್ನರು, ಎಲ್ಲರೂ ಆತನ ಅಧೀನರು. ಕೆರೆಯಲ್ಲಿ ತೇಲುವ ಒಂದೊಂದು ಹಕ್ಕಿಯೂ ಬೇರೊಂದು ಜೀವ; ಅದರೊಳಗೂ ಬಿಂಬರೂಪಿಯಾದ ಭಗವಂತನಿದ್ದಾನೆ. ನಮ್ಮ ವಿನೋದಕ್ಕಾಗಿ ಅದು ಹುಟ್ಟಿದ್ದಲ್ಲ. ಈ ಎಚ್ಚರವಿದ್ದವನಿಗೆ ದಡದಲ್ಲಿ ಮೌನವಾಗಿ ನಿಂತು ನೋಡುವುದೂ ಭಗವನ್ಮಹಿಮೆಯ ಅನುಸಂಧಾನವಾಗುತ್ತದೆ. ಬಿಸಿಲೇರುತ್ತಲೇ ಆ ಪಕ್ಷಿಗಳು ಉತ್ತರಕ್ಕೆ ಮರಳುತ್ತವೆ. ಆಗ ಬರಿದಾದ ಕೆರೆಯನ್ನು ಕಂಡು ‘ನಮ್ಮದು ಹೋಯಿತು’ ಎಂದೆನಿಸದೆ, ‘ಸುಖವಾಗಿ ತಲುಪಲಿ’ ಎಂದು ಮನಸ್ಸು ಹಾರೈಸಿದರೆ ನಮ್ಮಲ್ಲಿ ಕ್ಷೀರವಷ್ಟೇ ಉಳಿಯಿತೆಂದು ತಿಳಿಯಬಹುದು.

ಶ್ರೀಕೃಷ್ಣಾರ್ಪಣಮಸ್ತು.