ಹೊಗೆಯ ಹೊಣೆ

ಆದಿ ಉಡುಪಿಯ ವಾರದ ಸಂತೆಯಲ್ಲಿ ಗುಳ್ಳವನ್ನು ಕೊಳ್ಳುವವನು ಕಾಯಿಯನ್ನು ತಿರುಗಿಸಿ ನೋಡುತ್ತಾನೆ. ಮಟ್ಟುವಿನದೋ ಅಲ್ಲವೋ ಎಂದು ವಿಚಾರಿಸುತ್ತಾನೆ. ಬೆಲೆಯಲ್ಲಿ ನಾಲ್ಕು ಕಾಸು ಇಳಿಸಿಕೊಳ್ಳುವುದಕ್ಕೆ ಯತ್ನಿಸುತ್ತಾನೆ. ಹಣ ಕೊಟ್ಟು ಚೀಲಕ್ಕೆ ತುಂಬಿಸಿಕೊಂಡನೆಂದರೆ ಅವನ ಮಟ್ಟಿಗೆ ವ್ಯವಹಾರ ಮುಗಿಯಿತು. ಬೆಳೆದವನು ಗದ್ದೆಗೆ ನೀರೆತ್ತಿದ ಪಂಪು ಯಾವ ಎಣ್ಣೆಯಿಂದ ನಡೆಯಿತು, ಅದರ ಹೊಗೆ ಯಾರ ಮನೆಯ ಮೇಲೆ ಹಾದುಹೋಯಿತು ಎಂಬಿವು ಸಂತೆಯ ಪ್ರಶ್ನೆಗಳಲ್ಲ. ಲೋಕದ ವಾಣಿಜ್ಯವೆಲ್ಲವೂ ಬಹುಕಾಲ ಈ ಪದ್ಧತಿಯಂತೆಯೇ ನಡೆದುಬಂದಿತು. ವಸ್ತುವಿನ ದೋಷವನ್ನು ಕೊಳ್ಳುವವನು ನೋಡಿಕೊಳ್ಳತಕ್ಕದ್ದು. ವಸ್ತುವನ್ನು ಮಾಡಿದ ರೀತಿಯ ದೋಷವಾದರೋ ಮಾಡಿದವನಿಗೂ ಅವನ ನಾಡಿನ ಅರಸನಿಗೂ ಬಿಟ್ಟದ್ದು. ಕರ್ತವ್ಯಗಳ ಈ ಹಂಚಿಕೆ ಎಷ್ಟು ಸಹಜವಾಗಿ ತೋರುತ್ತಿದ್ದಿತೆಂದರೆ, ಅದು ಧರ್ಮವೋ ಅಲ್ಲವೋ ಎಂದು ಕೇಳಿದವರೇ ವಿರಳ.

ಈ ಹಂಚಿಕೆಯನ್ನು ಯೂರೋಪಿನ ಒಕ್ಕೂಟವು ಈಗ ಮುರಿದಿದೆ. ೨೦೨೩ರ ಅಕ್ಟೋಬರ್ ೧ರಿಂದ, ಹೊರದೇಶಗಳಿಂದ ಅಲ್ಲಿಗೆ ಹೋಗುವ ಕಬ್ಬಿಣ, ಉಕ್ಕು, ಅಲ್ಯೂಮಿನಿಯಮ್, ಸಿಮೆಂಟು, ರಸಗೊಬ್ಬರ, ಜಲಜನಕ, ವಿದ್ಯುತ್ತು ಇವುಗಳ ಉತ್ಪಾದನೆಯಲ್ಲಿ ಎಷ್ಟು ಇಂಗಾಲಾಮ್ಲವು ಗಾಳಿಗೆ ಸೇರಿತೆಂಬ ಲೆಕ್ಕವನ್ನು ಒಪ್ಪಿಸಬೇಕಾಯಿತು. ೨೦೨೬ರ ಜನವರಿ ೧ರಿಂದ ಆ ಲೆಕ್ಕಕ್ಕೆ ತಕ್ಕ ಹಣವನ್ನು ತೆರುವ ಹೊಣೆಯೂ ಬಂದೊದಗಿತು. ಇದಲ್ಲದೆ ೨೦೨೩ರಲ್ಲಿಯೇ ಅಂಗೀಕೃತವಾದ ಇನ್ನೊಂದು ಕಾನೂನಿನಂತೆ ರಬ್ಬರು, ಕಾಫಿ ಮೊದಲಾದವು ೨೦೨೦ರ ಡಿಸೆಂಬರ್ ೩೧ರ ಅನಂತರ ಕಾಡು ಕಡಿದ ನೆಲದಲ್ಲಿ ಬೆಳೆದವುಗಳಲ್ಲವೆಂದು, ತೋಟದ ಸ್ಥಾನವನ್ನು ಅಕ್ಷಾಂಶ ರೇಖಾಂಶಗಳೊಡನೆ ತೋರಿಸಿ, ರುಜುಪಡಿಸಬೇಕು. ಈ ಕಾನೂನಿನ ಜಾರಿ ಎರಡು ಬಾರಿ ಮುಂದಕ್ಕೆ ಹೋಯಿತೆಂಬುದು ನಿಜ. ಆದರೂ ಕಾರ್ಕಳ, ಹೆಬ್ರಿಗಳ ಕಡೆಯ ಸಣ್ಣ ರಬ್ಬರು ಬೆಳೆಗಾರನಿಗೂ ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟದವನಿಗೂ ಇದು ದೂರದ ಸುದ್ದಿಯಾಗಿ ಉಳಿದಿಲ್ಲ.

ಯೂರೋಪಿನವರು ಹೀಗೇಕೆ ಕೇಳುತ್ತಾರೆ? ಸ್ವರ್ಣಾ ನದಿಯ ಎರಡು ದಡಗಳಲ್ಲಿ ಎರಡು ಹಂಚಿನ ಕಾರ್ಖಾನೆಗಳಿವೆಯೆಂದೂ, ಎರಡು ದಡಗಳೂ ಬೇರೆ ಬೇರೆ ಅರಸರಿಗೆ ಸೇರಿದುವೆಂದೂ ಭಾವಿಸೋಣ. ಈ ದಡದ ಅರಸನು ತನ್ನ ಕಾರ್ಖಾನೆಯವನಿಂದ ಹೊಗೆಗೆ ಇಂತಿಷ್ಟೆಂದು ಹಣ ವಸೂಲು ಮಾಡುತ್ತಾನೆ. ಆ ದಡದವನು ಮಾಡುವುದಿಲ್ಲ. ಸ್ವಲ್ಪ ಕಾಲದಲ್ಲಿ ಈಚೆಯ ಗೂಡು ಆರಿಹೋಗಿ ಆಚೆಯ ಗೂಡಿನಲ್ಲಿ ಇಮ್ಮಡಿ ಬೆಂಕಿ ಉರಿಯುವುದು. ಹೊಗೆ ಕಡಿಮೆಯಾಗಲಿಲ್ಲ, ಹೊಳೆಯನ್ನು ದಾಟಿತು, ಅಷ್ಟೆ. ಆಕಾಶಕ್ಕಾದರೋ ದಡಗಳ ಭೇದವಿಲ್ಲ. ಆದಕಾರಣ ಈಚೆಯ ಅರಸನು ಕಡವಿನಲ್ಲಿ ನಿಂತು, ಆಚೆಯ ಹಂಚಿನ ಮೇಲೂ ಅಷ್ಟೇ ಹಣವನ್ನು ಕೇಳುತ್ತಾನೆ. ತರ್ಕದಲ್ಲಿ ಹುಳುಕಿಲ್ಲ. ಒಂದು ದೇಶವು ಮಾತ್ರ ನಿಯಮವನ್ನು ಪಾಲಿಸಿ, ಉಳಿದವು ಅದರಿಂದ ಲಾಭ ಹೊಂದುವಂತಿದ್ದರೆ ಯಾವ ದೇಶವೂ ಬಹುದಿನ ನಿಯಮದಲ್ಲಿ ನಿಲ್ಲದು.

ಆದರೆ ಈ ಉಪಮಾನವು ಒಂದು ಸಂಗತಿಯನ್ನು ಮರೆಸುತ್ತದೆ. ಈಚೆಯ ದಡದ ಗೂಡು ಇನ್ನೂರು ವರ್ಷ ಉರಿದು ಆ ದಡದವರನ್ನು ಸಿರಿವಂತರನ್ನಾಗಿ ಮಾಡಿತು. ಆಚೆಯದು ನಿನ್ನೆ ಮೊನ್ನೆ ಹೊತ್ತಿಕೊಂಡಿತು. ಲೋಕದ ಗಾಳಿಗೆ ಇಲ್ಲಿಯವರೆಗೆ ಸೇರಿದ ಇಂಗಾಲಾಮ್ಲದಲ್ಲಿ ಸುಮಾರು ಕಾಲು ಪಾಲು ಅಮೇರಿಕಾದ ಸಂಯುಕ್ತ ಸಂಸ್ಥಾನಗಳದೊಂದೇ. ಜಗತ್ತಿನ ಜನರಲ್ಲಿ ಆರರಲ್ಲೊಂದು ಪಾಲಿಗೂ ಮಿಕ್ಕವರಿರುವ ಭಾರತದ ಭಾಗವು ನೂರಕ್ಕೆ ನಾಲ್ಕರ ಒಳಗೆ. ಇಂದಿಗೂ ಭಾರತದ ಒಬ್ಬೊಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ಬರುವುದು ಸುಮಾರು ೨ ಟನ್ನು ಮಾತ್ರ; ಅಮೇರಿಕಾದವನದು ಅದರ ಆರೇಳು ಪಟ್ಟು. ೧೯೯೨ರಲ್ಲಿ ರಾಷ್ಟ್ರಗಳೆಲ್ಲ ಒಪ್ಪಿ ಬರೆದ ಹವಾಮಾನದ ಒಡಂಬಡಿಕೆಯಲ್ಲಿ, ಹೊಣೆಯು ಎಲ್ಲರದಾದರೂ ಎಲ್ಲರಿಗೂ ಸಮವಲ್ಲವೆಂಬ ತತ್ತ್ವವನ್ನು ಸೇರಿಸಿದ್ದು ಇದಕ್ಕೋಸ್ಕರವೇ. ಹವೆಯ ರಕ್ಷಣೆಯ ಹೆಸರಿನಲ್ಲಿ ವ್ಯಾಪಾರಕ್ಕೆ ಮುಸುಕಿನ ತಡೆಯೊಡ್ಡಬಾರದೆಂಬ ಮಾತೂ ಅದೇ ಒಡಂಬಡಿಕೆಯಲ್ಲುಂಟು. ಭಾರತದ ಪ್ರತಿನಿಧಿಗಳು ಸಭೆ ಸಭೆಗಳಲ್ಲಿ ಇದನ್ನು ನೆನಪಿಸುತ್ತ ಬಂದಿದ್ದಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತೆಂದು ಕೆಲವರು ನಗಬಹುದು. ಆದರೆ ನ್ಯಾಯವಾದ ಮಾತು ಸುಂಕದವನ ಕಿವಿಗೆ ಬೀಳಲಿಲ್ಲವೆಂಬ ಮಾತ್ರಕ್ಕೆ ಅನ್ಯಾಯವಾಗುವುದಿಲ್ಲ.

ಈ ಕರಾವಳಿಗೆ ಸುಂಕದ ವಿಷಯದಲ್ಲಿ ಹಳೆಯ ನೆನಪೊಂದಿದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಾವೇ ಕಡಲಿನ ಒಡೆಯರೆಂದು ಸಾರಿ, ತಮ್ಮಿಂದ ‘ಕಾರ್ತಾಜ್’ ಎಂಬ ರಹದಾರಿ ಚೀಟಿಯನ್ನು ಕೊಳ್ಳದೆ ಹೊರಟ ಹಡಗುಗಳನ್ನು ಸೆರೆಹಿಡಿಯುತ್ತಿದ್ದರು. ಬಸರೂರಿನಿಂದ ಅಕ್ಕಿ ಹೇರಿಕೊಂಡು ಹೊರಡುವ ವರ್ತಕರೂ ಆ ಚೀಟಿಯ ಕಾಟದಿಂದ ಪಾರಾಗಲಿಲ್ಲ. ಇಂದಿನ ಇಂಗಾಲದ ಚೀಟಿಯಲ್ಲಿ ಅಂದಿನ ಕಾರ್ತಾಜಿನ ನೆರಳನ್ನು ಕಾಣುವವರಿದ್ದರೆ ಅವರ ಸಂಶಯವು ಕೇವಲ ಹುರುಡಲ್ಲ. ಆದರೂ ಹೋಲಿಕೆಯನ್ನು ಕೊನೆಯವರೆಗೆ ಎಳೆಯಲಾಗದು. ಪೋರ್ಚುಗೀಸರು ತಮ್ಮ ಹಡಗುಗಳಿಗೆ ವಿಧಿಸದ ಕಟ್ಟನ್ನು ಪರರ ಹಡಗುಗಳಿಗೆ ವಿಧಿಸಿದರು. ಅಲ್ಲಿದ್ದುದು ತೋಪಿನ ಬಲ ಮಾತ್ರ. ಯೂರೋಪಿನ ಒಕ್ಕೂಟವಾದರೋ ತನ್ನ ಕಾರ್ಖಾನೆಗಳಿಂದಲೂ ಹೊಗೆಗೆ ಬೆಲೆ ಕಟ್ಟಿಸಿಕೊಳ್ಳುತ್ತದೆ. ಬಹುವರ್ಷ ಅವಕ್ಕೆ ಧರ್ಮಾರ್ಥವಾಗಿ ಬಿಟ್ಟುಕೊಟ್ಟ ಪಾಲನ್ನು ೨೦೩೪ರೊಳಗೆ ಮೆಲ್ಲಮೆಲ್ಲನೆ ಹಿಂದೆಗೆಯುವುದಾಗಿ ಬರೆದುಕೊಂಡಿದೆ. ತನಗೆ ವಿಧಿಸಿಕೊಂಡದ್ದನ್ನೇ ಪರರಿಗೆ ವಿಧಿಸುವವನನ್ನು ಕಡಲುಗಳ್ಳನೆನ್ನಲಾಗದು. ಆತನನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ: ವಸೂಲಾದ ಹಣ ಎಲ್ಲಿಗೆ ಹೋಗುತ್ತದೆ? ಅದರಲ್ಲಿ ಒಂದು ಕಾಸಾದರೂ ಬಡದೇಶಗಳ ಕುಲುಮೆಗಳನ್ನು ಶುಚಿಪಡಿಸುವುದಕ್ಕೆ ಮೀಸಲೆಂದು ಆ ಕಾನೂನಿನಲ್ಲಿ ಕಟ್ಟುಮಾಡಿಲ್ಲ. ಹೊಗೆಯು ಲೋಕಕ್ಕೆಲ್ಲ ಸೇರಿದ್ದು, ಹೊಗೆಯ ಹಣ ಮಾತ್ರ ತನ್ನ ಬೊಕ್ಕಸಕ್ಕೆ ಸೇರಿದ್ದು ಎಂಬಲ್ಲಿ ತರ್ಕವು ಕುಂಟುತ್ತದೆ.

ಮಾಡುವ ರೀತಿಯನ್ನು ನೋಡಿ ವಸ್ತುವನ್ನು ಗಡಿಯಲ್ಲಿ ತಡೆಯಬಹುದೇ ಎಂಬ ಪ್ರಶ್ನೆ ಈಗ ಹೊಸದಾಗಿ ಹುಟ್ಟಿದುದಲ್ಲ. ಮಲ್ಪೆಯಂತಹ ಬಂದರುಗಳಿಗೆ ಚೆನ್ನಾಗಿ ಪರಿಚಿತವಾದ ಸೀಗಡಿಯೇ ಅದಕ್ಕೆ ಒಮ್ಮೆ ನಿಮಿತ್ತವಾಯಿತು. ಸೀಗಡಿಗಾಗಿ ಎಳೆಯುವ ಬಲೆಯಲ್ಲಿ ಕಡಲಾಮೆಗಳು ಸಿಕ್ಕಿ ಉಸಿರುಕಟ್ಟಿ ಸಾಯುತ್ತವೆ. ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳುವ ಕಿಂಡಿಯನ್ನಿಡದ ದೇಶಗಳ ಸೀಗಡಿ ಬೇಡವೆಂದು ಅಮೇರಿಕಾ ತಡೆಯೊಡ್ಡಿತು. ಭಾರತ, ಪಾಕಿಸ್ತಾನ, ಮಲೇಸಿಯಾ, ಥೈಲೆಂಡುಗಳು ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ವ್ಯಾಜ್ಯ ಹೂಡಿದುವು. ೧೯೯೮ರಲ್ಲಿ ಮೇಲ್ಮನವಿಯ ಪೀಠವು ಕೊಟ್ಟ ತೀರ್ಪು ಇಂದಿಗೂ ಓದತಕ್ಕದ್ದಾಗಿದೆ. ಆಮೆಯನ್ನು ರಕ್ಷಿಸುವ ಉದ್ದೇಶದಿಂದ ವ್ಯಾಪಾರವನ್ನು ನಿಯಮಿಸುವುದು ತಪ್ಪಲ್ಲ. ಆದರೆ ಅಮೇರಿಕಾ ತನ್ನ ನೆರೆಹೊರೆಯ ದೇಶಗಳೊಡನೆ ಕುಳಿತು ಒಡಂಬಡಿಕೆ ಮಾಡಿಕೊಂಡು, ಅವಕ್ಕೆ ಮೂರು ವರ್ಷಗಳ ಅವಕಾಶವನ್ನೂ ಕೊಟ್ಟು, ಏಸಿಯಾದ ದೇಶಗಳಿಗೆ ನಾಲ್ಕೇ ತಿಂಗಳ ಗಡುವು ಕೊಟ್ಟುದು ತಪ್ಪು ಎಂಬುದು ಅದರ ಸಾರ. ಅಮೇರಿಕಾ ತನ್ನ ರೀತಿಯನ್ನು ತಿದ್ದಿಕೊಂಡು ಮಾತುಕತೆಗೆ ತೊಡಗಿದ ಮೇಲೆ, ೨೦೦೧ರಲ್ಲಿ, ಅದೇ ಪೀಠವು ಆ ತಡೆಯನ್ನು ಎತ್ತಿಹಿಡಿಯಿತು. ಉದ್ದೇಶ ಒಳ್ಳೆಯದೆಂಬುದು ಸಾಲದು, ಎದುರಾಳಿಯನ್ನು ಚಾವಡಿಗೆ ಕರೆದು ಕೂರಿಸಿ ಮಾತನಾಡಿಸಿದೆಯಾ ಎಂದು ನ್ಯಾಯಾಧಿಪತಿಗಳು ಕೇಳಿದರು. ಕುಂದಾಪುರದ ಕೋಡಿಯ ಮರಳಿನಲ್ಲಿ ಮೊಟ್ಟೆಯಿಡಲು ಬರುವ ಆಮೆಗೆ ಈ ವಾದವಿವಾದ ಏನೂ ತಿಳಿಯದು. ಆದರೆ ಗೆದ್ದವರು ಯಾರೆಂದು ವಿಚಾರಿಸಿದರೆ ಅದೇ ಎನ್ನಬೇಕು.

ಇಷ್ಟರವರೆಗೆ ದೇಶದೇಶಗಳ ನಡುವಣ ಮಾತಾಯಿತು. ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ಕಾಣಬೇಕಾದರೆ ಜಿನೀವಕ್ಕೆ ಹೋಗಬೇಕಾಗಿಲ್ಲ. ಕಾಪು ತಾಲೂಕಿನ ಎಲ್ಲೂರಿಗೆ ಹೋದರೆ ಸಾಕು. ಅಲ್ಲಿಯ ಉಷ್ಣವಿದ್ಯುತ್ ಸ್ಥಾವರವು ತಲಾ ೬೦೦ ಮೆಗಾವಾಟಿನ ಎರಡು ಘಟಕಗಳುಳ್ಳದ್ದು. ಮೊದಲನೆಯದು ೨೦೧೦ರಲ್ಲಿ ವಿದ್ಯುತ್ತನ್ನು ಕೊಡಲಾರಂಭಿಸಿತು. ಜಿಲ್ಲೆಯಲ್ಲಿ ಕಲ್ಲಿದ್ದಲಿಲ್ಲ, ಸುತ್ತಲಿನ ಜಿಲ್ಲೆಗಳಲ್ಲಿಯೂ ಇಲ್ಲ. ಹೊರದೇಶದ ನೆಲದಿಂದ ಅಗೆದ ಕಲ್ಲಿದ್ದಲು ಹಡಗಿನಲ್ಲಿ ಪಣಂಬೂರಿನ ಬಂದರಿಗೆ ಬಂದು, ರೈಲುಬಂಡಿಯೇರಿ ಎಲ್ಲೂರನ್ನು ಸೇರಿ ಉರಿಯುವ ಏರ್ಪಾಡು ಅದು. ಉರಿದುದರ ಶಕ್ತಿ ತಂತಿಯ ಮೂಲಕ ಹಾಸನದ ಕಡೆಗೆ ಹರಿದು ರಾಜ್ಯದ ಜಾಲವನ್ನು ಕೂಡಿಕೊಳ್ಳುತ್ತದೆ. ಉರಿದುದರ ಬೂದಿಯಾದರೋ ಎಲ್ಲೂರಿನಲ್ಲೇ ಉಳಿಯುತ್ತದೆ. ಬೂದಿ ಮನೆಯ ಮಾಡಿನ ಮೇಲೆ ಕೂರುತ್ತದೆ, ಬಾವಿಯ ನೀರು ಉಪ್ಪಾಯಿತು, ಮಲ್ಲಿಗೆಯ ಮೊಗ್ಗು ಕರಟಿತು ಎಂದು ಸುತ್ತಲಿನ ಗ್ರಾಮಸ್ಥರು ವರ್ಷಗಟ್ಟಲೆ ದೂರಿಕೊಂಡರು. ಶಂಕರಪುರದ ಮಲ್ಲಿಗೆಯ ಸೀಮೆಯಲ್ಲಿ ಇದು ಚೆಲುವಿನ ಮಾತಲ್ಲ; ದಿನದ ಅಟ್ಟೆಯ ದರದ ಮೇಲೆ ಅಲ್ಲಿ ಮಕ್ಕಳ ಶಾಲೆಯ ಶುಲ್ಕ ನಿಂತಿದೆ. ೨೦೨೨ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಪರಿಸರಕ್ಕಾದ ಹಾನಿಗಾಗಿ ೫೨ ಕೋಟಿ ರೂಪಾಯಿಗೂ ಮಿಕ್ಕ ಪರಿಹಾರವನ್ನು ವಿಧಿಸಿತು.

ಹಾಗಾದರೆ ಆ ಹೊಗೆ ಯಾರದು? ರಾಷ್ಟ್ರಗಳು ಒಪ್ಪಿಕೊಂಡ ಲೆಕ್ಕದ ಕ್ರಮದಲ್ಲಿ ಉತ್ತರವು ಸುಲಭ: ಎಲ್ಲಿ ಉರಿಯಿತೋ ಆ ದೇಶದ್ದು. ಅಗೆದು ಮಾರಿ ಲಾಭ ಹೊಂದಿದ ದೇಶದ ಪುಸ್ತಕದಲ್ಲಿ ಅದು ಬರುವುದಿಲ್ಲ. ಆ ವಿದ್ಯುತ್ತಿನಿಂದ ಕರಗಿಸಿದ ಲೋಹವನ್ನು ಕೊಂಡವನ ಪುಸ್ತಕದಲ್ಲಿಯೂ ಬರುವುದಿಲ್ಲ. ಕೃತ್ಯವೊಂದರ ಫಲದಲ್ಲಿ ಮಾಡಿದವನು, ಮಾಡಿಸಿದವನು, ಪ್ರೇರಿಸಿದವನು, ಅನುಮೋದಿಸಿದವನು ಈ ನಾಲ್ವರಿಗೂ ಪಾಲುಂಟೆಂದು ಹಳಬರು ಎಣಿಸುತ್ತಿದ್ದರು. ಲೆಕ್ಕಿಗರ ಅನುಕೂಲಕ್ಕಾಗಿ ಮೂವರನ್ನು ಬಿಟ್ಟು ಒಬ್ಬನ ಹೆಸರನ್ನು ಬರೆದುಕೊಂಡರೆ ಕೂಡಿಸುವುದಕ್ಕೆ ಸುಲಭವಾಗಬಹುದು, ಧರ್ಮವು ನಿರ್ಣಯವಾದಂತಾಗಲಿಲ್ಲ. ವಿನೋದವೆಂದರೆ, ಎಲ್ಲೂರಿಗೆ ಅನತಿದೂರದ ಪಡುಬಿದ್ರಿಯಲ್ಲಿ, ರಫ್ತಿಗೆಂದೇ ಮೀಸಲಾದ ವಲಯದ ಕಾರ್ಖಾನೆಯಲ್ಲಿ, ಗಾಳಿಯಂತ್ರಗಳ ಭಾರಿ ರೆಕ್ಕೆಗಳು ತಯಾರಾದುವು. ಕಲ್ಲಿದ್ದಲು ಕಡಲಿನಿಂದ ಒಳಕ್ಕೆ ಬಂದಿತು, ಅದಕ್ಕೆ ಮದ್ದಾದ ರೆಕ್ಕೆ ಹೊರಕ್ಕೆ ಹೋಯಿತು. ವ್ಯಾಪಾರವು ಹೊಗೆಯನ್ನೂ ಸಾಗಿಸಬಲ್ಲುದು, ಹೊಗೆಯಿಲ್ಲದ ಬೆಳಕನ್ನೂ ಸಾಗಿಸಬಲ್ಲುದು; ಯಾವುದು ಅಗ್ಗವಾಗುವಂತೆ ಸರಕಾರಗಳು ಕಟ್ಟುಮಾಡುತ್ತವೆಯೋ ಅದನ್ನು ಸಾಗಿಸುತ್ತದೆ.

ಭಾರತವು ಯೂರೋಪಿನವರಿಗೆ ಹೇಳುವ ಮಾತನ್ನೇ ಎಲ್ಲೂರಿನವರು ರಾಜ್ಯದ ನಗರಗಳಿಗೆ ಹೇಳಬಹುದಲ್ಲವೆ? ಸುಖವನ್ನು ಉಂಡವರು ನೀವು, ಬೂದಿಯನ್ನು ಉಂಡವರು ನಾವು. ಹೊಣೆ ಎಲ್ಲರದೆಂದು ಹೇಳುವ ಮೊದಲು ಉಂಡುದರ ಲೆಕ್ಕವಾಗಲಿ, ಎಂದು. ಹೊರಗೆ ಈ ನ್ಯಾಯವನ್ನು ಬೇಡುವವನು ಒಳಗೆ ಅದನ್ನು ಕೊಡಲಾರೆನೆಂದರೆ ಅವನ ವಾದದಲ್ಲಿ ಸತ್ಯವಿದ್ದೂ ತೂಕವಿರುವುದಿಲ್ಲ.

ಭಾರತವು ತನ್ನ ಕಲ್ಲಿದ್ದಲಿನ ಮೇಲೆ ತಾನೇ ತೆರಿಗೆ ಹಾಕಿಕೊಂಡಿದ್ದ ಸಂಗತಿ ಹಲವರಿಗೆ ತಿಳಿದಿರಲಾರದು. ೨೦೧೦ರಲ್ಲಿ ಟನ್ನಿಗೆ ೫೦ ರೂಪಾಯಿಯಂತೆ ಆರಂಭವಾದ ಆ ಕರವು ೨೦೧೪ರಲ್ಲಿ ೧೦೦, ೨೦೧೫ರಲ್ಲಿ ೨೦೦, ೨೦೧೬ರಲ್ಲಿ ೪೦೦ ರೂಪಾಯಿಗೇರಿತು. ಹೊರದೇಶದಿಂದ ಬಂದ ಕಲ್ಲಿದ್ದಲೂ ಅದನ್ನು ತೆತ್ತಿತು. ಎಲ್ಲೂರಿನಲ್ಲಿ ಉರಿದುದೂ ಇದಕ್ಕೆ ಹೊರತಲ್ಲ. ಶುಚಿಯಾದ ಶಕ್ತಿಯ ನಿಧಿಯೊಂದನ್ನು ತುಂಬಿಸುವುದೇ ಅದರ ಗುರಿಯಾಗಿದ್ದಿತು. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಈ ಹಣವು ರಾಜ್ಯಗಳ ವರಮಾನದ ನಷ್ಟವನ್ನು ತುಂಬುವುದಕ್ಕೆ ತಿರುಗಿತು. ೨೦೨೫ರ ಸಪ್ಟೆಂಬರಿನಲ್ಲಿ ಆ ಕರವನ್ನು ತೆಗೆದು, ಕಲ್ಲಿದ್ದಲಿನ ಸಾಮಾನ್ಯ ತೆರಿಗೆಯನ್ನು ನೂರಕ್ಕೆ ೫ರಿಂದ ೧೮ಕ್ಕೆ ಏರಿಸಲಾಯಿತು. ಹೊಗೆಯ ಹೆಸರಿನಲ್ಲಿ ಎತ್ತಿದ ಹಣವು ಹೊಗೆಯನ್ನು ಬಿಟ್ಟು ಬೇರೆಲ್ಲಿಗೋ ಹೋಯಿತೆಂದು ಯೂರೋಪನ್ನು ಆಕ್ಷೇಪಿಸುವವರು ಈ ಪುಟವನ್ನೂ ಓದಿಕೊಂಡಿರುವುದು ಲೇಸು.

೨೦೨೩ರಲ್ಲಿ ಭಾರತವು ಇಂಗಾಲದ ಜಮೆಯ ಕ್ರಯವಿಕ್ರಯಕ್ಕೊಂದು ಯೋಜನೆಯನ್ನು ಪ್ರಕಟಿಸಿತು. ತಯಾರಾದ ದೇಶದಲ್ಲಿ ಹೊಗೆಗೆ ತೆತ್ತ ಬೆಲೆಯನ್ನು ಯೂರೋಪು ತನ್ನ ಸುಂಕದಲ್ಲಿ ಕಳೆದುಕೊಡುವುದಾಗಿ ಹೇಳಿರುವುದರಿಂದ, ಅಲ್ಲಿ ತೆರಬೇಕಾದುದನ್ನು ಇಲ್ಲಿಯೇ ತೆರಿಸಿ ಇಲ್ಲಿಯೇ ಉಳಿಸಿಕೊಳ್ಳುವ ದಾರಿಯೊಂದು ತೆರೆದಿದೆ. ೨೦೨೫ರ ನವೆಂಬರಿನಲ್ಲಿ ಬ್ರೆಜಿಲಿನ ಬೆಲೆಮ್ ನಗರದ ಸಭೆಯಲ್ಲಿ, ವಾಣಿಜ್ಯ ಮತ್ತು ಹವಾಮಾನಗಳ ಸಂಬಂಧವನ್ನು ಕುರಿತು ಮುಂದಿನ ವರ್ಷಗಳಲ್ಲಿ ಮಾತುಕತೆ ನಡೆಸುವುದಕ್ಕೆ ರಾಷ್ಟ್ರಗಳು ಒಪ್ಪಿದುವು. ಅಲ್ಲಿ ಸುಂಕ ಕೂಡದೆಂದು ಹಟ ಹಿಡಿಯುವುದಕ್ಕಿಂತ, ಸುಂಕದ ಹಣವು ಹೊಗೆ ಎದ್ದ ನೆಲಕ್ಕೆ ಹಿಂದಿರುಗಲೆಂದು ಪಟ್ಟುಹಿಡಿಯುವುದು ಹೆಚ್ಚು ನ್ಯಾಯವೂ ಹೌದು, ಹೆಚ್ಚು ಸಾಧ್ಯವೂ ಹೌದು. ಸೀಗಡಿಯ ತೀರ್ಪು ಆ ಚಾವಡಿಯ ದಾರಿಯನ್ನು ಆಗಲೇ ತೋರಿಸಿದೆ.

ಹಣ ಹಿಂದಿರುಗಿದರೆ ಯಾವ ಊರಿಗೆ ಸಲ್ಲಬೇಕು? ಇದಕ್ಕೊಂದು ಮೇಲ್ಪಂಕ್ತಿ ಭಾರತದ ಕಾನೂನಿನಲ್ಲಿಯೇ ಉಂಟು. ೨೦೧೫ರ ತಿದ್ದುಪಡಿಯಂತೆ ಗಣಿಯವರು ತೆರುವ ಹಣದ ಒಂದು ಭಾಗವು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸೇರಿ, ಗಣಿಯಿಂದ ನೊಂದ ಊರುಗಳಲ್ಲಿ ವ್ಯಯವಾಗತಕ್ಕದ್ದು. ಬಳ್ಳಾರಿಯಂತಹ ಜಿಲ್ಲೆಗಳಿಗೆ ಅದರಿಂದ ದೊಡ್ಡ ಮೊತ್ತ ಬಂದಿದೆ. ಅಗೆದ ಊರಿಗೆ ಹೀಗೆ ಪಾಲುಂಟಾಯಿತು. ಉರಿಸಿದ ಊರಿಗೆ ಇಲ್ಲ. ಎಲ್ಲೂರಿಗೆ ಬರುವ ಕಲ್ಲಿದ್ದಲನ್ನು ಭಾರತದ ಯಾವ ಜಿಲ್ಲೆಯಲ್ಲಿಯೂ ಅಗೆಯದೆ ಇರುವುದರಿಂದ, ಅದರ ಮೇಲೆ ಅಂತಹ ಪಾಲು ಯಾವ ಜಿಲ್ಲೆಗೂ ಸಲ್ಲುವುದಿಲ್ಲ. ಆ ಕಾನೂನಿನಲ್ಲಿ ಅಗೆತದ ಜೊತೆಗೆ ಉರಿತವನ್ನೂ ಸೇರಿಸುವುದಕ್ಕೆ ಯೂರೋಪಿನ ಒಪ್ಪಿಗೆ ಬೇಕಾಗಿಲ್ಲ. ದೆಹಲಿಯಲ್ಲಿ ಒಂದು ತಿದ್ದುಪಡಿ ಸಾಕು.