ಋಣಮುಕ್ತಿಯೂ ಪರಿಗ್ರಹಪರಿಮಾಣ ವ್ರತವೂ



ಅಷ್ಟಮಿ ಚತುರ್ದಶಿಗಳಂದು ಉಪವಾಸವಿರುವ ಶ್ರಾವಕನು ಅನ್ನವನ್ನು ಬಿಡುತ್ತಾನೆ, ವ್ಯಾಪಾರವನ್ನು ಬಿಡುತ್ತಾನೆ, ಮನೆಯ ಆರಂಭಕಾರ್ಯಗಳನ್ನೂ ಬಿಡುತ್ತಾನೆ. ಆದರೆ ಸಾಲದ ಮೇಲಿನ ಬಡ್ಡಿಯು ಅಷ್ಟಮಿಯಂದು ಉಪವಾಸ ಮಾಡುವುದಿಲ್ಲ. ಚತುರ್ದಶಿಯಂದು ಮೌನ ಹಿಡಿಯುವುದಿಲ್ಲ. ಬಸದಿಯಲ್ಲಿ ಕುಳಿತು ಜಪಮಾಲೆಯ ಮಣಿಗಳನ್ನು ಎಣಿಸುವಾಗ ಮನಸ್ಸು ಸಾಲಪತ್ರದ ವಾಯಿದೆಯ ದಿನಗಳನ್ನು ಎಣಿಸುತ್ತಿದ್ದರೆ ಆ ಉಪವಾಸವು ದೇಹಕ್ಕೆ ಲಂಘನವಾದೀತೇ ಹೊರತು ಆತ್ಮಕ್ಕೆ ತಪಸ್ಸಾಗಲಾರದು.

ಆಗಮವು ಆರ್ತಧ್ಯಾನದಲ್ಲಿ ನಾಲ್ಕು ಭೇದಗಳನ್ನು ಹೇಳಿದೆ: ಇಷ್ಟವಿಯೋಗ, ಅನಿಷ್ಟಸಂಯೋಗ, ವೇದನೆ, ನಿದಾನ. ಸಾಲವೆಂಬುದು ಅನಿಷ್ಟಸಂಯೋಗ, ಅದು ತೊಲಗಬೇಕೆಂಬ ಚಿಂತೆ ಹಗಲಿರುಳೂ ಕಾಡುತ್ತದೆ. ಪೂರ್ವಿಕರ ಮನೆಯನ್ನು ಕಳೆದುಕೊಳ್ಳುವ ಭಯವು ಇಷ್ಟವಿಯೋಗ. ಋಣದಲ್ಲಿ ಸಿಲುಕಿದ ಗೃಹಸ್ಥನು ಈ ಎರಡರ ನಡುವೆ, ಎರಡು ಕಡೆಯೂ ಉರಿಯುವ ಕೊಳ್ಳಿಯಂತೆ ಬೇಯುತ್ತಾನೆ. ಅವನಿಗೆ ಧರ್ಮವು ಯಾವ ದಾರಿಯನ್ನು ತೋರಿಸುತ್ತದೆ ಎಂಬುದು ವಿಚಾರಾರ್ಹವಾದುದು.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಮೈಸೂರಿನ ಹಳೆಯ ಮೊಹಲ್ಲವೊಂದರಲ್ಲಿ ಒಂದು ತೊಟ್ಟಿಯ ಮನೆ. ಅಜ್ಜನು ಕಟ್ಟಿಸಿದ್ದು, ಪಡಸಾಲೆಯ ಮಗ್ಗುಲಲ್ಲಿ ಜಿನಬಿಂಬವಿರುವ ದೇವರ ಕೋಣೆ. ಮನೆಯ ಯಜಮಾನನು ಕಾಲವಾದ ಮೇಲೆ ಬಟ್ಟೆಯಂಗಡಿ ಸೊರಗಿತು. ಮಕ್ಕಳಿಬ್ಬರು ಮನೆಯನ್ನು ಅಡವಿಟ್ಟು ಹತ್ತು ಲಕ್ಷ ರೂಪಾಯಿ ಸಾಲ ತಂದರು. ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿಯೇ 20,000 ರೂಪಾಯಿ, ವರ್ಷಕ್ಕೆ 2,40,000. ಹೀಗೆ 50 ತಿಂಗಳು ಕಳೆದರೆ ತೆತ್ತ ಬಡ್ಡಿಯೇ ಅಸಲಿನಷ್ಟಾಗುತ್ತದೆ. ಅಸಲು ಮಾತ್ರ ಇದ್ದಲ್ಲಿಯೇ ಇರುತ್ತದೆ. ಇದಲ್ಲದೆ ಅಂಗಡಿಯಲ್ಲಿ ನಂಬಿಕೆಯಿಂದ ಹಣವಿಟ್ಟಿದ್ದ ನೆರೆಯ ವಿಧವೆಯೊಬ್ಬಳ ಒಂದು ಲಕ್ಷವೂ ಇತ್ತು, ಅದಕ್ಕೆ ಕಾಗದಪತ್ರವಿರಲಿಲ್ಲ.

ಹಿರಿಯ ಮಗನು ಒಂದು ಉಪಾಯವನ್ನು ಹೂಡಿದನು. ಹಳೆಯ ತಾರೀಖನ್ನು ಹಾಕಿ ಕರಾರುಪತ್ರವೊಂದನ್ನು ಸೃಷ್ಟಿಸಿ, ಮನೆಯ ಅರ್ಧವು ಮೊದಲೇ ಹೆಂಡತಿಗೆ ಸೇರಿತ್ತೆಂದು ತೋರಿಸಿದರೆ ಸಾಲಕೊಟ್ಟವರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವರೆಂಬುದು ಅವನ ಎಣಿಕೆ. ವಿಧವೆಯ ಹಣಕ್ಕೆ ಸಾಕ್ಷಿಯೇ ಇಲ್ಲವಾದ್ದರಿಂದ ಅದನ್ನು ಮಾತನಾಡುವುದೇ ಬೇಡವೆಂದನು. ಆಗ ದಶಲಕ್ಷಣ ಪರ್ವವು ನಡೆಯುತ್ತಿತ್ತು. ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮದ ಪ್ರವಚನವನ್ನು ಕೇಳಿ ಬಸದಿಯಿಂದ ಹಿಂದಿರುಗಿದ ತಾಯಿಯು ಮಕ್ಕಳನ್ನು ಕರೆದು ಕೂರಿಸಿದಳು. “ಮಗು, ನಾಳೆ ಅನಂತಚತುರ್ದಶಿ, ನನಗೆ ಉಪವಾಸ. ನನ್ನದಲ್ಲದ ದುಡ್ಡನ್ನು ಮನೆಯಲ್ಲಿಟ್ಟುಕೊಂಡು ನಾನು ಯಾವ ನೋಂಪಿ ನೋಂತರೆ ಏನು? ಈ ಮನೆ ನಿಮ್ಮಜ್ಜ ಕಟ್ಟಿಸಿದ್ದು. ಅವರ ಮಾತನ್ನೂ ಅವರೇ ಕಟ್ಟಿ ಬೆಳೆಸಿದ್ದು. ಎರಡರಲ್ಲಿ ಒಂದು ಹೋಗಲೇಬೇಕಾದರೆ ಮನೆ ಹೋಗಲಿ” ಎಂದಳು. ಹಿರಿಯ ಮಗನು ಬಹಳ ಹೊತ್ತು ತೊಟ್ಟಿಯನ್ನೇ ನೋಡುತ್ತ ಕುಳಿತಿದ್ದು, ಕೊನೆಗೆ “ಆಗಲಿ ಅಮ್ಮ” ಎಂದನು.

ಆ ತಾಯಿಯ ಮಾತು ಶಾಸ್ತ್ರಸಮ್ಮತವಾದುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ನ್ಯಾಸಾಪಹಾರ ಇನ್ನೊಂದು. ಸುಳ್ಳು ಪತ್ರವನ್ನು ಬರೆಯುವುದು ಮೊದಲನೆಯದು. ನಂಬಿ ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ ಅಷ್ಟನ್ನೇ ಕೊಟ್ಟು ಉಳಿದುದನ್ನು ನುಂಗುವುದು ಎರಡನೆಯದು. ಮರೆತವನಿಗೇ ಪೂರ್ತಿ ಕೊಡಬೇಕೆಂದ ಮೇಲೆ, ನೆನಪಿಟ್ಟು ಕಾದಿರುವ ವಿಧವೆಗೆ ಇಲ್ಲವೆನ್ನುವುದು ಎಂತಹ ಪಾಪ! ಸಾಕ್ಷಿಯಿಲ್ಲದ ಸಾಲವು ನ್ಯಾಯಾಲಯದಲ್ಲಿ ದುರ್ಬಲವಾಗಬಹುದು. ಕರ್ಮದ ಲೆಕ್ಕದಲ್ಲಿ ಅದು ದುರ್ಬಲವಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದರೆ ಮೂರ್ಛೆ ಎಂದಿದ್ದಾರೆ. ವಸ್ತುವಿನ ಮೇಲಿನ ಮಮಕಾರವೇ ಪರಿಗ್ರಹ. ಬಾಹ್ಯಪರಿಗ್ರಹಗಳ ಎಣಿಕೆಯಲ್ಲಿ ಕ್ಷೇತ್ರ ಮೊದಲನೆಯದು, ವಾಸ್ತು ಎರಡನೆಯದು. ಕಥಾಗ್ರಂಥಗಳಲ್ಲಿ ಬರುವ ಶ್ಮಶ್ರುನವನೀತನ ವೃತ್ತಾಂತವು ಎಲ್ಲರಿಗೂ ತಿಳಿದುದೇ ಆಗಿದೆ. ಮೀಸೆಗಂಟಿದ ಬೆಣ್ಣೆಯನ್ನೇ ಕೂಡಿಸಿ ತುಪ್ಪ ಮಾಡಿದ ಆ ಲೋಭಿಯು, ತುಪ್ಪದಿಂದ ಸಂಪತ್ತು, ಸಂಪತ್ತಿನಿಂದ ಚಕ್ರವರ್ತಿಪದವಿ ಎಂದು ಕನಸು ಕಾಣುತ್ತ ಕಾಲು ಝಾಡಿಸಿದನು. ತುಪ್ಪದ ಗಡಿಗೆ ಬೆಂಕಿಗೆ ಬಿದ್ದು ತಾನೂ ಬೆಂದುಹೋದನು. ಮುಂದಿನ ವರ್ಷ ವ್ಯಾಪಾರ ಕುದುರೀತು, ಮನೆಯ ಬೆಲೆ ಏರೀತು ಎಂದು ಬಡ್ಡಿಯ ಉರಿಯ ಪಕ್ಕದಲ್ಲಿ ಮಲಗಿರುವವನ ಸ್ಥಿತಿಯೂ ಇದೇ ಅಲ್ಲವೇ?

ಮೈಸೂರಿನ ಅರಸರ ಕಾಲದ ಘಟನೆಯೊಂದು ಇಲ್ಲಿ ಸ್ಮರಣೀಯ. ಶ್ರವಣಬೆಳಗೊಳದಲ್ಲಿ ದೇವರ ಪೂಜೆಗೆಂದು ಬಿಟ್ಟಿದ್ದ ದತ್ತಿಭೂಮಿಗಳನ್ನು ಸ್ಥಾನಿಕರು ವರ್ತಕರಲ್ಲಿ ಅಡವಿಟ್ಟಿದ್ದರು. ಅಡವು ಬಹುಕಾಲ ಬಿಡಲಿಲ್ಲ. 1634ರಲ್ಲಿ ಚಾಮರಾಜ ಒಡೆಯರು ಆ ವರ್ತಕರನ್ನು ಕರೆಸಿ, ಸಾಲವನ್ನು ತಾವೇ ತೀರಿಸಿಕೊಡುವುದಾಗಿ ನುಡಿದರು. ಅದನ್ನು ಕೇಳಿದ ವರ್ತಕರು ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಬಿಟ್ಟುಕೊಟ್ಟರು. ಮುಂದೆ ಆ ಭೂಮಿಗಳನ್ನು ಅಡವಿಡಬಾರದು, ಅಡವು ಹಿಡಿಯಲೂಬಾರದು ಎಂದು ಶಾಸನವಾಯಿತು. ಇಲ್ಲಿ ಗಮನಿಸಬೇಕಾದ ಅಂಶವಿದೆ. ಅರಸರು ಅಧಿಕಾರದ ಬಲದಿಂದ ಸಾಲವನ್ನು ಅಳಿಸಿಹಾಕಲಿಲ್ಲ, ಕೊಡುತ್ತೇನೆಂದರು. ಬಿಟ್ಟುಕೊಟ್ಟವರು ಸಾಲಕೊಟ್ಟವರು. ಋಣವನ್ನು ಮನ್ನಿಸುವುದು ಕೊಟ್ಟವನ ದಾನ. ತೀರಿಸಲು ಸಿದ್ಧನಾಗುವುದು ಪಡೆದವನ ಧರ್ಮ.

ಹಾಗಾದರೆ ಸಾಲವಿರುವವರೆಲ್ಲರೂ ಮನೆ ಮಾರಬೇಕೇ? ಹಾಗಲ್ಲ. ಮನೆಯು ವೃದ್ಧರಿಗೆ ಆಶ್ರಯ, ಮಕ್ಕಳಿಗೆ ನೆಲೆ, ಅತಿಥಿಸಂವಿಭಾಗಕ್ಕೆ ಸ್ಥಾನ. ದುಡುಕಿ ಅದನ್ನು ಕಳೆಯುವುದು ವಿವೇಕವಲ್ಲ. ಮೊದಲು ಮನೆಮಂದಿಯೆಲ್ಲ ಕುಳಿತು ಸಾಲಗಳನ್ನು ಒಂದೂ ಬಿಡದೆ ಬರೆಯಬೇಕು. ಪೆಟ್ಟಿಗೆಯಲ್ಲಿರುವ ಒಡವೆ, ಖಾಲಿ ನಿವೇಶನ, ಬಾಡಿಗೆಗೆ ಕೊಡಬಹುದಾದ ಭಾಗ ಇವುಗಳಿಂದ ಋಣವು ತೀರುವುದಾದರೆ ಮನೆ ಉಳಿಯಲಿ. ಸಂಸಾರದ ಖರ್ಚು ಕಳೆದು ಉಳಿಯುವ ಆದಾಯವು ಬಡ್ಡಿಗೇ ಸಾಲದೆಂದು ಕಂಡರೆ ತಡಮಾಡಬಾರದು. ಹರಾಜಿಗೆ ಬಂದ ಮನೆಯನ್ನು ಪರರು ಮಾರುತ್ತಾರೆ. ಮೊದಲೇ ನಿಶ್ಚಯಿಸಿದವನು ತಾನೇ ನ್ಯಾಯವಾದ ಬೆಲೆಗೆ ಮಾರುತ್ತಾನೆ.

ಮಾರುವಾಗಲೂ ಧರ್ಮವುಂಟು. ಕೊಳ್ಳುವವನಿಗೆ ಅಡಮಾನದ ಸಂಗತಿಯನ್ನು ಮುಚ್ಚಿಡಬಾರದು. ಹೆಣ್ಣುಮಕ್ಕಳನ್ನು ಕೇಳದೆ ಪತ್ರ ಬರೆಯಬಾರದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಜೈನರಿಗೂ ಅನ್ವಯಿಸುತ್ತದೆ, 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹಕ್ಕುಂಟು. ಅಡಮಾನದ ಸಾಲವನ್ನು ತೀರಿಸಿದ ಮೇಲೆ, ಉಳಿದ ಹಣದಲ್ಲಿ ಮೊದಲ ಪಾಲು ದನಿಯೆತ್ತಲಾರದ ಬಡವರಿಗೆ ಸಲ್ಲಲಿ. ದೇವರ ಕೋಣೆಯ ಜಿನಬಿಂಬವನ್ನು ಸಾಮಾನುಗಳ ಜೊತೆ ಸಾಗಿಸದೆ, ವಿಧಿಪೂರ್ವಕವಾಗಿ ಹೊಸ ನೆಲೆಗೋ ಬಸದಿಗೋ ಬಿಜಯಂಗೈಸಬೇಕು.

ಊರಿನವರು ಏನೆಂದಾರು ಎಂಬ ಸಂಕೋಚವು ಬೇಡ. 1897ರಲ್ಲಿ ಮೈಸೂರಿನ ಅರಮನೆಯೇ ಬೆಂಕಿಗೆ ಆಹುತಿಯಾಯಿತು. ಈಗಿನದು 1912ರಲ್ಲಿ ಪೂರ್ಣವಾದುದು. ಆ ಕಾಲದಲ್ಲೇ ಪ್ಲೇಗು ಬಂದು ಎಷ್ಟೋ ಕುಟುಂಬಗಳು ಹಳೆಯ ಮನೆಗಳನ್ನು ತೊರೆದವು. ಅವರ ಕುಲ ಕೆಡಲಿಲ್ಲ, ಧರ್ಮ ಕೆಡಲಿಲ್ಲ. ಗೋಡೆಗಳು ಬದಲಾದುವು, ಅಷ್ಟೆ.

ಆ ಕುಟುಂಬವು ಮನೆಯನ್ನು ಮಾರಿ, ವಿಧವೆಯ ಹಣವನ್ನೂ ಸಲ್ಲಿಸಿ, ಬಸದಿಗೆ ನಡೆದು ಹೋಗುವಷ್ಟು ದೂರದ ಚಿಕ್ಕ ಬಾಡಿಗೆ ಮನೆಗೆ ಬಂದಿತು. ತೊಟ್ಟಿಯ ಬಿಸಿಲನ್ನು ನೆನೆದು ತಾಯಿಯು ಕೆಲವು ದಿನ ಕಣ್ಣೀರಿಟ್ಟಳು, ಅದು ಸಹಜ. ಮಕ್ಕಳಿಬ್ಬರೂ ವಾಸಕ್ಕೆ ಒಂದೇ ಮನೆ, ವ್ಯಾಪಾರಕ್ಕೆ ಕೈಯಲ್ಲಿರುವಷ್ಟೇ ಬಂಡವಾಳ ಎಂದು ಪರಿಮಾಣ ಮಾಡಿಕೊಂಡು ವ್ರತವನ್ನು ಸ್ವೀಕರಿಸಿದರು. ಮುಂದಿನ ಅಷ್ಟಮಿಯಂದು ತಾಯಿಯು ಜಪಕ್ಕೆ ಕುಳಿತಾಗ ಎಣಿಸಲು ಮಣಿಗಳು ಮಾತ್ರ ಇದ್ದುವು.

ಈ ಪರ್ವಕಾಲದಲ್ಲಿ ಉಪವಾಸದ ಸಂಕಲ್ಪವನ್ನು ಕೈಗೊಳ್ಳುವ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯೂ ತಾವು ಯಾರಿಗೆ ಏನನ್ನು ಕೊಡಬೇಕಾಗಿದೆ ಎಂಬುದನ್ನು ಒಮ್ಮೆ ಬರೆದು ನೋಡಲಿ. ಅನ್ನವನ್ನು ಬಿಡುವ ಮೊದಲು ಪರರ ಹಣವನ್ನು ಬಿಡುವ ಶಕ್ತಿ ಎಲ್ಲರಿಗೂ ಲಭಿಸಲಿ.