ಜೋಳದ ಋಣ ಯಾರಿಗೆ?

ಪೊಲೀಸ್ ಇಲಾಖೆಯೊಳಗಿದ್ದುಕೊಂಡೇ ಅದರ ತಪ್ಪನ್ನು ಬಯಲಿಗಿಡುವವನು ದ್ರೋಹಿಯೋ, ಧರ್ಮಿಷ್ಠನೋ? ಈ ಪ್ರಶ್ನೆಯ ಬೇರಿಗೆ ಹಳಗನ್ನಡ ಒಂದು ಹೆಸರಿಟ್ಟಿದೆ: ಜೋಳವಾಳಿ. ಉಂಡ ಜೋಳಕ್ಕೆ ಪ್ರತಿಯಾಗಿ ಒಡೆಯನಿಗಾಗಿ ಪ್ರಾಣ ತೆರುವ ಹೊಣೆ ಅದು. ಪಂಪನ ಕರ್ಣ ಪಾಂಡವರ ಕಡೆ ಹೋಗದೆ ಉಳಿದದ್ದು ಈ ಋಣಕ್ಕಾಗಿಯೇ. ಕೃಷ್ಣೆಯ ದಂಡೆಯ ಗಲಗಲಿ, ಬೀಳಗಿ, ಜಮಖಂಡಿಯ ಸೀಮೆಯಲ್ಲಿ ಈಗ ಕಬ್ಬು ಎಷ್ಟೇ ಹಬ್ಬಿದ್ದರೂ ಊಟವೆಂದರೆ ಜೋಳದ ರೊಟ್ಟಿಯೇ. ಅಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಮಹಾಭಾರತ ಈ ಋಣವನ್ನು ಇಬ್ಬರ ಮೂಲಕ ಪರೀಕ್ಷಿಸುತ್ತದೆ. ಯುದ್ಧಕ್ಕೆ ಮುನ್ನ ಭೀಷ್ಮ, ಕೌರವರ ಅರ್ಥಕ್ಕೆ ತಾನು ಕಟ್ಟುಬಿದ್ದಿರುವುದಾಗಿ ಧರ್ಮರಾಯನ ಮುಂದೆ ಒಪ್ಪಿಕೊಳ್ಳುತ್ತಾನೆ. ಅದೇ ಮನೆಯ ಅನ್ನ ಉಂಡ ವಿದುರ ಮಾತ್ರ ಜೂಜಿನ ಸಭೆಯಲ್ಲೇ ಎದ್ದು ಬೇಡವೆಂದ. ಮುಂದೆಯೂ ಹಿತವನ್ನೇ ಹೇಳಿದಾಗ ಧೃತರಾಷ್ಟ್ರ ಎಲ್ಲಿಗಾದರೂ ಹೋಗೆಂದು ಸಿಟ್ಟಾದ. ವಿದುರ ಕಾಮ್ಯಕವನಕ್ಕೆ ಹೋದ. ಇಂದಿನ ಕಚೇರಿಯ ಭಾಷೆಯಲ್ಲಿ ಇದು ವರ್ಗಾವಣೆ. ಕೆಲವೇ ದಿನಗಳಲ್ಲಿ ಅರಸನೇ ಅವನನ್ನು ಹಿಂದಕ್ಕೆ ಕರೆಸಿಕೊಂಡ. ಇಂದಿನ ಕಡತಗಳಲ್ಲಿ ಆ ಭಾಗ ಅಪರೂಪ.

ಇಬ್ಬರ ನಡುವಿನ ವ್ಯತ್ಯಾಸ ಧೈರ್ಯದ್ದಷ್ಟೇ ಅಲ್ಲ, ಲೆಕ್ಕದ್ದು ಕೂಡ: ಅನ್ನ ಯಾರದು ಎಂಬ ಲೆಕ್ಕ. ಗಲಗಲಿಯಿಂದ ಕೃಷ್ಣೆಯ ಗುಂಟ ಕೆಳಕ್ಕೆ ಹೋದರೆ ಬಸವಣ್ಣನ ಕೂಡಲಸಂಗಮ. ಬಸವಣ್ಣ ಬಿಜ್ಜಳನ ಭಂಡಾರವನ್ನು ಜಂಗಮರಿಗೆ ಸುರಿದನೆಂದು ದೂರು ಹೋದಾಗ ಲೆಕ್ಕ ತೆಗೆಸಿದರು, ಹಣ ಪೂರ್ತಿ ಇತ್ತು ಎಂಬ ಕಥೆ ಪರಂಪರೆಯಲ್ಲಿದೆ. ಆ ಕಥೆಯಲ್ಲಿ ಬಸವಣ್ಣ ದೂರು ಕೊಟ್ಟವನಲ್ಲ, ದೂರಿಗೆ ಗುರಿಯಾದವನು. ಆದರೂ ಪೆಟ್ಟಿಗೆ ತೆರೆಯುವುದನ್ನು ಅವಮಾನವೆಂದು ಬಗೆಯಲಿಲ್ಲ. ಪೇದೆಯ ಸಂಬಳವೂ ಎಸ್‌ಪಿ ಸಾಹೇಬರ ಕಣಜದಿಂದ ಬರುವುದಲ್ಲ. ರೊಟ್ಟಿ ತಿನ್ನುವವರೆಲ್ಲರ ತೆರಿಗೆಯಿಂದ ಬರುವುದು. ಹಾಗಾದರೆ ಜೋಳವಾಳಿ ಸಲ್ಲಬೇಕಾದದ್ದು ಮೇಲಧಿಕಾರಿಗಲ್ಲ.

ಇದಕ್ಕೆ ಬರುವ ಆಕ್ಷೇಪ ಹಗುರವಾದದ್ದಲ್ಲ. ಆಯುಧ ಹಿಡಿದ ಪಡೆ ಶಿಸ್ತಿಲ್ಲದೆ ನಿಲ್ಲದು. ಪ್ರತಿಯೊಬ್ಬನೂ ತನ್ನ ಅಂತಃಸಾಕ್ಷಿಯನ್ನೇ ಆಜ್ಞೆ ಎಂದುಕೊಂಡರೆ ಗುಂಪಿಗೂ ಪಡೆಗೂ ಭೇದವಿರದು. 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ ಸಂಘ ಕಟ್ಟುವುದಕ್ಕೂ ಪತ್ರಿಕೆಗಳಿಗೆ ಮಾತಾಡುವುದಕ್ಕೂ ಕಡಿವಾಣ ಹಾಕಿದ್ದು ಇದೇ ತರ್ಕದಿಂದ. ಆದರೆ ಬೀದಿಯಲ್ಲಿ ಬಾಯಿ ಕಟ್ಟಿದವರು ಮನೆಯೊಳಗೊಂದು ಕಿವಿಯನ್ನಾದರೂ ಇಡಬೇಕು.

ಆ ಕಿವಿಗಾಗಿ ನಡೆದ ದೊಡ್ಡ ಮೊಕದ್ದಮೆ ಪ್ರಕಾಶ್ ಸಿಂಗ್ ಅವರದು. ಗಡಿ ಭದ್ರತಾ ಪಡೆಯ ಮುಖ್ಯಸ್ಥರಾಗಿದ್ದ ಅವರು ಸುಪ್ರೀಂ ಕೋರ್ಟಿಗೆ ಹೋದದ್ದು 1996ರಲ್ಲಿ, ನಿವೃತ್ತಿಯ ನಂತರ. ಜೋಳದ ಋಣ ತೀರಿದ ಮೇಲೆ ಎನ್ನಬಹುದೇನೋ. 2006ರ ಸೆಪ್ಟೆಂಬರ್ 22ರ ತೀರ್ಪು ರಾಜ್ಯ, ಜಿಲ್ಲೆ ಎರಡೂ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರ ಇರಲೆಂದಿತು. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಯನ್ನು ತಿದ್ದಿ ಅವಕ್ಕೆ ಜಾಗ ಮಾಡಿತು. ಅವು ಮುಖ್ಯವಾಗಿ ಪೊಲೀಸರಿಂದ ನೊಂದ ಜನರಿಗಾಗಿ. ಪೊಲೀಸನೇ ಸಾಕ್ಷಿಯಾದರೆ ಅವನನ್ನು ಕಾಯುವವರು ಯಾರು ಎಂಬುದು ಬೇರೆ ಮಾತು.

2017ರ ಜುಲೈ ಇದನ್ನು ಚೆನ್ನಾಗಿ ತೋರಿಸಿತು. ಕಾರಾಗೃಹ ಇಲಾಖೆ ಪೊಲೀಸ್ ಠಾಣೆಯಲ್ಲ, ಆದರೆ ಅದರ ಮೇಲಿದ್ದವರು ಐಪಿಎಸ್ ಅಧಿಕಾರಿಗಳೇ. ಡಿಐಜಿಯಾಗಿದ್ದ ಡಿ. ರೂಪಾ, ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ತಮಿಳುನಾಡಿನ ರಾಜಕಾರಣಿ ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು ತಮ್ಮ ಮೇಲಧಿಕಾರಿಗೇ ವರದಿ ಬರೆದರು. ಲಂಚದ ವದಂತಿಯೂ ಅದರಲ್ಲಿತ್ತು. ಮೇಲಧಿಕಾರಿ ಅದನ್ನು ನಿರಾಕರಿಸಿದರು. ಕೆಲವೇ ದಿನಗಳಲ್ಲಿ ಇಬ್ಬರೂ ಆ ಹುದ್ದೆಯಲ್ಲಿರಲಿಲ್ಲ; ರೂಪಾ ಸಂಚಾರ ಮತ್ತು ರಸ್ತೆ ಸುರಕ್ಷತಾ ವಿಭಾಗಕ್ಕೆ ಹೋದರು. ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರ ವಿಚಾರಣೆ ಸೌಲಭ್ಯದ ಮಾತನ್ನು ಎತ್ತಿಹಿಡಿಯಿತು. ಆ ವಿಚಾರಣೆಯ ವರದಿ ಜನರ ಕೈಗೆ ಬಂದದ್ದು 2019ರಲ್ಲಿ, ಮಾಹಿತಿ ಹಕ್ಕಿನ ಮೂಲಕ. ಕಂಡದ್ದು ಬೇರೆ, ಕೇಳಿದ್ದು ಬೇರೆ. ಎರಡನ್ನೂ ತೂಗುವ ಕೆಲಸ ವಿಚಾರಣೆಯದು. ವರ್ಗಾವಣೆಯ ಆದೇಶಕ್ಕೆ ಆ ತಕ್ಕಡಿ ಇಲ್ಲ.

ಸತ್ಯ ಹೇಳುವುದು ಧರ್ಮವೆಂದು ಸರ್ಕಾರ ನೌಕರನಿಗೆ ಹೇಳಬೇಕಾದರೆ, ಹೇಳಿದವನ ತಲೆ ಕಾಯುವುದು ತನ್ನ ಧರ್ಮವೆಂದೂ ಒಪ್ಪಬೇಕಾಗುತ್ತದೆ. ಹೆದ್ದಾರಿ ಕಾಮಗಾರಿಯ ಅಕ್ರಮ ಬರೆದು ತಿಳಿಸಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರಲ್ಲಿ ಗಯಾದಲ್ಲಿ ಕೊಲೆಯಾದ ಬಳಿಕ, 2004ರಲ್ಲಿ ಕೇಂದ್ರ ಒಂದು ನಿರ್ಣಯ ಹೊರಡಿಸಿ ಇಂಥ ದೂರುಗಳನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸಿತು. ಇಂಥ ದೂರುದಾರರ ರಕ್ಷಣೆಗೆ ಪೂರ್ಣ ಪ್ರಮಾಣದ ಕಾಯ್ದೆಗೆ 2014ರ ಮೇ 9ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ಅದನ್ನು ಜಾರಿಗೆ ತರುವ ಅಧಿಸೂಚನೆ ಮಾತ್ರ ಹತ್ತು ವರ್ಷ ಕಳೆದರೂ ಹೊರಡಲಿಲ್ಲ.